ಕೂಸಿನ ಪಾಲು

“ನಿನ್ನೆ ಎದ್ದಾಗಿನಿಂದ ಮಲಗೂತನಾ ಬಾಯಿಗೆ ಏನೇನ ಹೋತು, ಒಂದೂ ಬಿಡಲಾರದ ಹೇಳ್ರಿ.”

ನಾನು ದಿನಾಲೂ ಕೇಳುವ ಪ್ರಶ್ನೆ ಇದು. ಚಿಕ್ಕೋಡಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ, ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಕೂತು, ಬಸುರಿಯರು ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಹೇಳುವುದು ನನ್ನ ಉದ್ಯೋಗ. ಮೇಜಿನ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಬೇರೆ ಬೇರೆ ಅಳತೆಯ ರೊಟ್ಟಿಗಳು, ಒಂದು ಬಟ್ಟಲು, ಒಂದು ಚಮಚ. ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಬರೆಸಿದ್ದಾರೆ. ಆ ಗಾದೆಯ ಉಳಿದರ್ಧವನ್ನು, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದನ್ನು, ಜಾಗ ಸಾಲದೆ ಬಿಟ್ಟರೋ ನನ್ನ ಸ್ವಭಾವ ನೋಡಿ ಬಿಟ್ಟರೋ ತಿಳಿಯದು. ನಾನು ತುಸು ಮುಂಗೋಪಿ ಹೆಂಗಸು. ಮೈಯೂ ತುಸು ದಪ್ಪ. ಎದುರು ಕೂತ ಹೆಂಗಸರು ರಟ್ಟಿನ ರೊಟ್ಟಿಯನ್ನೊಮ್ಮೆ, ನನ್ನ ತೋಳನ್ನೊಮ್ಮೆ ನೋಡಿ ಸುಮ್ಮನೆ ನಗುತ್ತಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವರ ಕಣ್ಣು ಹೇಳುತ್ತಿರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿದ್ದ ಒಂದು ಚಳಿಗಾಲದಲ್ಲಿ ಸದಲಗಾದಿಂದ ಒಬ್ಬ ಬಸುರಿ ಬಂದಳು. ಆರು ತಿಂಗಳು ತುಂಬುತ್ತ ಬಂದಿತ್ತು. ಜೊತೆಗೆ ಅತ್ತೆ. ಅವರದು ಕಬ್ಬು, ಎಮ್ಮೆ, ಪೇಢೆ ವ್ಯಾಪಾರ ಎಲ್ಲವೂ ಇದ್ದ ಮನೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂದಿತ್ತು. ಅವರಿಬ್ಬರೂ ಒಳಗೆ ಬರುವ ಮೊದಲೇ ಡಾಕ್ಟರಮ್ಮ ನನ್ನನ್ನು ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದರು: “ಮೊದಲನೇ ಕೂಸು ದಿನ ತುಂಬಿದ ಮ್ಯಾಲ ಹೊಟ್ಟ್ಯಾಗ ಹೋಗೇತಿ. ಭಾಳ ತೂಕದ ಕೂಸಂತ. ಆಗ ಬ್ಯಾರೆ ಕಡೆ ತೋರಸ್ತಿದ್ರು, ಸಕ್ಕರಿ ಪರೀಕ್ಷಾನ ಆಗಿಲ್ಲ. ಈ ಸಲ ಹಂಗಾಗಬಾರದು.” ಅಷ್ಟು ಹೇಳಿ ಅವರು ಮುಂದಿನ ಕೆಲಸಕ್ಕೆ ಹೋದರು. ಆ ಮಾತು ನನ್ನ ಕೋಣೆಯಲ್ಲೇ ಉಳಿಯಿತು.

ನನ್ನ ಪ್ರಶ್ನೆಗೆ ಬೇರೆಯವರು ತಡವರಿಸುತ್ತಾರೆ, ಇಲ್ಲವೇ ಒಪ್ಪಿಸಿದ ಪಾಠದಂತೆ ಹೇಳಿ ಮುಗಿಸುತ್ತಾರೆ. ಈ ಸೊಸೆ ಕಣ್ಣು ಅರ್ಧ ಮುಚ್ಚಿ, ದೂರದಲ್ಲಿ ಏನೋ ಕಾಣುತ್ತಿದ್ದಂತೆ ಹೇಳತೊಡಗಿದಳು.

“ನಸೀಕಿನ್ಯಾಗ ಹಕ್ಕರಕಿ ಹರದೆರಿ. ಇಬ್ಬನಿ ಇತ್ತು. ಸೆರಗಿನ್ಯಾಗ ತುಂಬಕೊಂಡೆ. ರೊಟ್ಟಿ ಬಿಸಿ ಇತ್ತು, ಗುರೆಳ್ಳ ಹಿಂಡಿ ಇತ್ತು. ಬಾಯಿಗೆ ಇಟಗೊಳ್ಳೂದ್ರಾಗ…”

“ಸದಲಗಾದಾಗ ಹಕ್ಕರಕಿ ಎಲ್ಲಿ ಸಿಕ್ಕತವಾ?” ಎಂದೆ. ಹಕ್ಕರಕಿ ಎರೆಹೊಲದಲ್ಲಿ, ಬಿಳಿಜೋಳದ ನಡುವೆ ಬೆಳೆಯುವ ಸೊಪ್ಪು. ತೊಳೆದು ಹಸಿಯಾಗಿಯೇ ರೊಟ್ಟಿ ಮತ್ತು ಹಿಂಡಿ ಎನ್ನುವ ಚಟ್ನಿಪುಡಿಯ ಜೊತೆ ತಿನ್ನುವುದು. ಸುತ್ತ ಕಬ್ಬೇ ಇರುವ ಊರಿನಲ್ಲಿ ಅದಕ್ಕೆ ಜಾಗವಿಲ್ಲ.

“ಇದು ಕನಸಿನ್ಯಾಗ್ರಿ,” ಎಂದಳು, ಏನೂ ವ್ಯತ್ಯಾಸವಿಲ್ಲ ಎನ್ನುವಂತೆ. “ಎದ್ದ ಮ್ಯಾಲ ಚಹಾ ಕುಡದೆ.”

ಅತ್ತೆಗೆ ಸಿಟ್ಟು ಬಂತು. “ಈಕಿ ತವರಮನಿ ಸತ್ತಿ ಊರ ಕಡೆರಿ. ಅಲ್ಲಿ ಆಡು ಕಾಯ್ಕೋತ ತೊಪ್ಪಲ ತಿಂದ ಬೆಳದಾಳ. ನಮ್ಮ ಮನ್ಯಾಗ ಏನ ಕಡಿಮಿ ಐತ್ರಿ, ದನ ತಿನ್ನೂದು ಕನಸಿನ್ಯಾಗ ಬರಾಕ?”

ಸೊಸೆಯ ಮುಖ ಮುಚ್ಚಿದ ಬಾಗಿಲಿನಂತಾಯಿತು. ಆಮೇಲೆ ಅವಳು ಹೇಳಿದ್ದೆಲ್ಲ ಎಚ್ಚರದ ಊಟ: ರೊಟ್ಟಿ, ಪಲ್ಯ, ಬೇಳೆ, ಅನ್ನ, ಮಜ್ಜಿಗೆ. ನಾನು ಅದಕ್ಕೆ ತಕ್ಕಂತೆ ಊಟವನ್ನು ಹೊಂದಿಸಿದೆ. ಚಹಾಕ್ಕೆ ಸಕ್ಕರೆ ಬೇಡ. ಅನ್ನ ಒಂದು ಬಟ್ಟಲು ಸಾಕು. ತಟ್ಟೆಯಲ್ಲಿ ಅರ್ಧ ಪಲ್ಯ, ಕಾಲು ಭಾಗ ಕಾಳು, ಉಳಿದದ್ದು ರೊಟ್ಟಿ. ಊಟದ ನಂತರ ಅಂಗಳದಲ್ಲಿ ಸ್ವಲ್ಪ ನಡೆಯಬೇಕು. ಮನೆಯಲ್ಲೇ ಸಕ್ಕರೆ ನೋಡುವ ಸಣ್ಣ ಯಂತ್ರವನ್ನು ಗಂಡ ಕೊಂಡು ತಂದ. ಮೊದಲ ತುತ್ತಿನಿಂದ ಎರಡು ತಾಸಿಗೆ ಬೆರಳಿನ ಪಕ್ಕದಲ್ಲಿ ಚುಚ್ಚಬೇಕು, ನಡುವೆ ಚುಚ್ಚಿದರೆ ನೋವು ಹೆಚ್ಚು, ಹನಿಯನ್ನು ಹಿಂಡಬಾರದು ಎಂದೆಲ್ಲ ತೋರಿಸಿಕೊಟ್ಟೆ. ಬಂದ ಅಂಕಿಯನ್ನು ಅವನು ಫೋನಿನಲ್ಲಿ ಕಳಿಸಬೇಕಿತ್ತು. ಕಳಿಸಿದ.

ಬೆಳಗಿನ ಖಾಲಿ ಹೊಟ್ಟೆಯದು ಸರಿ. ಮಧ್ಯಾಹ್ನದ್ದು ಸರಿ. ಸಂಜೆಯದು ಮಾತ್ರ ಗುಡ್ಡ ಹತ್ತಿ ಕೂತಿರುತ್ತಿತ್ತು. ಸಂಜೆ ಅವಳು ಉಣ್ಣುವುದೇ ಇಲ್ಲ, ಒಂದು ಲೋಟ ಮಜ್ಜಿಗೆ ಅಷ್ಟೇ ಎಂದಿದ್ದಳು. ಮೊದಲು ಬೆರಳಿನ ಮೇಲೆ ಸಂಶಯ ಬಂತು. ಪೇಢೆ ಕಟ್ಟುವ ಮನೆ, ಬೆರಳಿಗೆ ಸಕ್ಕರೆ ಅಂಟಿದ್ದರೆ ಯಂತ್ರ ಅದನ್ನೇ ಎಣಿಸುತ್ತದೆ. ಬರೀ ನೀರಿನಲ್ಲಿ ಕೈ ತೊಳೆದು ಒರೆಸಿ ನೋಡಿ ಎಂದೆ. ಅಂಕಿ ಇಳಿಯಲಿಲ್ಲ. ಯಂತ್ರವನ್ನೇ ತರಿಸಿ ನಮ್ಮ ಲ್ಯಾಬಿನ ಜೊತೆ ಹೋಲಿಸಿದೆ. ಯಂತ್ರ ಸರಿಯಿತ್ತು. ಕೊನೆಗೆ ಮಧ್ಯಾಹ್ನದ ರೊಟ್ಟಿಯನ್ನು ಕಡಿಮೆ ಮಾಡಿಸಿದೆ. ಮುಂದಿನ ಸಲ ಬಂದಾಗ ಅವಳ ಕೆನ್ನೆ ಇಳಿದಿತ್ತು, ಸಂಜೆಯ ಸಕ್ಕರೆ ಇಳಿದಿರಲಿಲ್ಲ. ಸ್ಕ್ಯಾನಿನಲ್ಲಿ ಕೂಸಿನ ಹೊಟ್ಟೆಯ ಅಳತೆ ತಿಂಗಳಿಗಿಂತ ಮುಂದೆ ಓಡುತ್ತಿತ್ತು. ನನಗೆ ಹೆದರಿಕೆಯಾಯಿತು.

ಹೆದರಿಕೆಯಾದರೆ ನನಗೆ ಸಿಟ್ಟೇ ಮೊದಲು ಬರುತ್ತದೆ. “ಯಾರಿಗೆ ಸುಳ್ಳ ಹೇಳಾಕತ್ತಿ?” ಎಂದು ಕೇಳಿಬಿಟ್ಟೆ.

“ನಿಮ್ಮಾಣಿ ಸುಳ್ಳ ಹೇಳಿಲ್ರಿ,” ಎಂದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು, ಕೆಳಗೆ ಬೀಳಲಿಲ್ಲ. ನಾನು ರೊಟ್ಟಿ ಕಡಿಮೆ ಮಾಡಿದ ಮೇಲೆ ಅವಳ ಕನಸುಗಳು ಉದ್ದವಾಗಿದ್ದವು. ಈಗ ಹೊಲಕ್ಕೆ ಹೋಗುವ ದಾರಿಯೂ ಕನಸಿನಲ್ಲಿ ಬರುತ್ತಿತ್ತು. ದಾರಿಯಲ್ಲಿ ಅವಳ ಅವ್ವ ಮುಂದೆ ಮುಂದೆ ನಡೆಯುತ್ತಿದ್ದಳಂತೆ, ತಿರುಗಿ ನೋಡುತ್ತಿರಲಿಲ್ಲವಂತೆ. ಸೊಪ್ಪು ಸೆರಗಿನಲ್ಲಿ ತುಂಬುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಅದನ್ನು ಕೇಳಿ ಕೇಳಿ ನಾನೂ ಒಂದು ಬೆಳಗಿನ ಜಾವ ಕನಸಿನಲ್ಲಿ ಅದೇ ಹೊಲದಲ್ಲಿದ್ದೆ. ನನ್ನ ಕೈಯಲ್ಲಿ ರಟ್ಟಿನ ರೊಟ್ಟಿ ಇತ್ತು.

ಇನ್ಸುಲಿನ್ ಶುರು ಮಾಡೋಣ ಎಂದು ಡಾಕ್ಟರಮ್ಮ ಹೇಳಿದಾಗ ಅತ್ತೆ ಒಪ್ಪಲಿಲ್ಲ. ಅವರ ಗಂಡನಿಗೆ ಕೊನೆಗಾಲದಲ್ಲಿ ಆ ಸೂಜಿ ಹಚ್ಚಿದ್ದರು. ಆ ಮನೆಯಲ್ಲಿ ಆ ಸೂಜಿ ಎಂದರೆ ಕಡೆಗಾಲ. ಸೊಸೆಯನ್ನು ಬೇರೆ ಎಲ್ಲಿಗೋ ಕರೆದೊಯ್ಯುವ ಮಾತೂ ಬಂತು. ಅಲ್ಲಿಯೂ ಪರೀಕ್ಷೆ ಇಲ್ಲದಿದ್ದರೆ? ಒಂದು ವಾರ ಬಿಡಿ, ನಾನೇ ಮನೆಗೆ ಹೋಗಿ ನೋಡುತ್ತೇನೆ ಎಂದು ಡಾಕ್ಟರಮ್ಮನನ್ನು ಕೇಳಿಕೊಂಡೆ.

ಸದಲಗಾದ ಬಸ್ಸಿನಲ್ಲಿ ಕಿಟಕಿಯಾಚೆ ಕಬ್ಬಿನ ಹೂತೆನೆಗಳಾದ ಸೂಲಂಗಿಗಳು ಬಿಸಿಲಿನಲ್ಲಿ ಬೆಳ್ಳಗೆ ತೂಗುತ್ತಿದ್ದವು. ಎಲ್ಲಿಂದಲೋ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಆ ವಾಸನೆಗೆ ಕಣ್ಣು ತಾನೇ ಮುಚ್ಚುತ್ತದೆ, ಹೊಟ್ಟೆ ತಾನೇ ತೆರೆಯುತ್ತದೆ. ಸಕ್ಕರೆಯ ನಾಡಿನಲ್ಲಿ ಸಕ್ಕರೆ ಬೇಡ ಎಂದು ಹೇಳಿಕೊಂಡು ತಿರುಗುವ ನನ್ನ ಉದ್ಯೋಗದ ಬಗ್ಗೆ ನನಗೇ ನಗು ಬಂತು.

ಮನೆಯಲ್ಲಿ ಎಲ್ಲವೂ ಅವಳು ಹೇಳಿದಂತೆಯೇ ಇತ್ತು. ಅಳತೆಯ ರೊಟ್ಟಿ, ಅಳತೆಯ ಅನ್ನ. ಅತ್ತೆ ನನ್ನೆದುರಿಗೇ ಬಡಿಸಿದರು, ಸೊಸೆ ನನ್ನೆದುರಿಗೇ ಉಂಡಳು, ಅಂಗಳದಲ್ಲಿ ನಡೆದಳು. ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ದೂಧಗಂಗೆ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ನನಗೆ ತೂಕಡಿಕೆ ಬಂದು ಗೋಡೆಗೆ ಒರಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹಳದಿಯಾಗಿತ್ತು, ಬಾಗಿಲಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ನಿಂತಿದ್ದಳು. ಕನಸು ಮುಂದುವರಿದಿದೆ ಎಂದುಕೊಂಡೆ.

ಅದು ಬಯಕೆ ಬುತ್ತಿ. ನಮ್ಮ ಕಡೆ ಬಸುರಿಗೆ ನೆಂಟರು, ಓಣಿಯವರು ದಿನಕ್ಕೊಂದು ಮನೆಯಂತೆ ಬುತ್ತಿ ಕಟ್ಟಿಕೊಂಡು ಬಂದು ಉಣಿಸುತ್ತಾರೆ. ನನಗೆ ತಿಳಿಯದ ಸಂಗತಿಯಲ್ಲ. ಆದರೆ ಅದೆಲ್ಲ ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ಆದ ಮೇಲೆ ಎಂದು ನಾನು ಲೆಕ್ಕ ಹಾಕಿ ಕೂತಿದ್ದೆ. ಮೊದಲ ಕೂಸನ್ನು ಕಳೆದುಕೊಂಡ ಬಸುರಿ ಎಂದು ಈ ಓಣಿಯವರು ಮರುಕದಿಂದ ಮೊದಲೇ ಶುರು ಮಾಡಿದ್ದರು. ಸೊಸೆಯನ್ನು ಕಂಬಳಿಯ ಮೇಲೆ ಕೂರಿಸಿದರು. ಬಂದಾಕೆ ಕುಂಕುಮ ಹಚ್ಚಿ, ಬಟ್ಟೆ ಸರಿಸಿ, ತುಪ್ಪದಲ್ಲಿ ಮುಳುಗಿದ ಹೋಳಿಗೆಯನ್ನು ಮುರಿದು ಬಾಯಿಗಿಟ್ಟಳು. “ಕೂಸಿನ ಪಾಲು, ಕೂಸು ಉಣ್ಣಲಿ,” ಎಂದಳು. ಮತ್ತೆ ಕರ್ಚಿಕಾಯಿ, ಮತ್ತೆ ಅಳವಿ ಬೀಜದ ಪಾಯಸ. ಸೊಸೆ ಕಣ್ಣು ಮುಚ್ಚಿ ಎಲ್ಲವನ್ನೂ ನುಂಗಿದಳು.

ಬಂದಾಕೆ ಹೋಗುವವರೆಗೆ ಹೇಗೋ ತಡೆದುಕೊಂಡೆ. “ಇದನ್ನ ಯಾಕ ಹೇಳಲಿಲ್ಲ ನೀ ನನಗ?”

“ನಾ ಏನ ಉಂಡೆ ಅಂತ ಕೇಳಿದ್ರಿ. ಅದನ್ನ ಹೇಳೀನ್ರಿ,” ಎಂದಳು. “ಇದು ನಾ ಉಂಡದ್ದಲ್ಲಲ್ರಿ. ಕೂಸಿನ ಪಾಲು. ಕೂಸು ಉಂಡದ್ದು.”

ಅತ್ತೆಯೂ ತಲೆಯಾಡಿಸಿದರು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತ್ತು. ಸುಳ್ಳು ಎಲ್ಲಿಯೂ ಇರಲಿಲ್ಲ. ಒಂದೇ ಬಾಯಿಯಲ್ಲಿ ಇಬ್ಬರು ಉಣ್ಣುತ್ತಿದ್ದರು. ನಾನು ಒಬ್ಬರದ್ದಷ್ಟೇ ಅಳೆದಿದ್ದೆ, ಅವಳ ರೊಟ್ಟಿಯನ್ನೂ ಕಿತ್ತುಕೊಂಡಿದ್ದೆ. ನಗಬೇಕೋ ಹಣೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ.

ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ‘ಈ ಬುತ್ತಿಯೇ ಕೂಸಿಗೆ ವಿಷ’ ಎಂದುಬಿಟ್ಟರೆ ನಾಳೆಯಿಂದ ಒಂದೂ ಬುಟ್ಟಿ ಬರುವುದಿಲ್ಲ, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಹೆದರಿಸುವುದು ನಮ್ಮ ವೃತ್ತಿಯಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಡುವ ಔಷಧ. ಅಷ್ಟರಲ್ಲಿ ಅತ್ತೆಯ ಕೈ ಕಂಡಿತು. ಅವರು ಬುಟ್ಟಿಯ ಬಿಳಿ ಬಟ್ಟೆಯನ್ನು ತಮ್ಮ ಮೊಣಕಾಲ ಮೇಲಿಟ್ಟು, ಕೂಸಿನ ಬಟ್ಟೆ ಮಡಚುವ ಹಾಗೆ ಮೆಲ್ಲಗೆ ಮಡಚುತ್ತಿದ್ದರು. ಹೋದ ಸಲವೂ ಹೀಗೇ ಬುತ್ತಿ ಬಂದಿರಬೇಕು, ಇದೇ ಕೈ ಬಡಿಸಿರಬೇಕು. ನಾನು ಆ ಮಾತನ್ನು ನುಂಗಿದೆ. ಏನು ಮಾಡಬೇಕೆಂದು ಹೊಳೆದದ್ದು ಅದರ ನಂತರ.

“ಕೂಸಿನ ಪಾಲು ಅನ್ನೂದು ಖರೇನ ಐತ್ರಿ,” ಎಂದೆ. “ಆದ್ರ ಕೂಸಿಗೆ ಏನ ಸೇರತೈತಿ ಅಂತ ಕೇಳಬೇಕಲ್ರಿ? ಬುತ್ತಿ ಉಂಡ ಎರಡ ತಾಸಿಗೆ ಈ ಮಶೀನ ನೋಡ್ರಿ. ಅಂಕಿ ಏರಿತಂದ್ರ ಕೂಸು ಒಲ್ಲೆ ಅನ್ನಾಕತ್ತೈತಿ. ಸುಮ್ಮನ ಇತ್ತಂದ್ರ ಒಪಗೊಂಡೈತಿ.”

ಅತ್ತೆ ಯಂತ್ರವನ್ನು ಮೊದಲ ಸಲ ಕಾಣುವವರಂತೆ ನೋಡಿದರು. ಎರಡು ತಾಸು ಕಾದೆವು. ಹನಿ ರಕ್ತ ಇಟ್ಟಾಗ ಮೂವರೂ ಬಾಗಿ ನೋಡಿದೆವು. ಹೋಳಿಗೆಯ ಅಂಕಿ ಅವರಿಗೂ ಓದಲು ಬರುವಷ್ಟು ದೊಡ್ಡದಿತ್ತು. “ಯವ್ವಾ, ಇಷ್ಟ ಸಿಟ್ಟ ಆಗೇತೇನು?” ಎಂದು ಅವರು ಸೊಸೆಯ ಹೊಟ್ಟೆಯನ್ನೇ ಕೇಳಿದರು. ಕಡಿಮೆ ಮಾಡಿಸಿದ್ದ ಮಧ್ಯಾಹ್ನದ ರೊಟ್ಟಿಯನ್ನು ನಾಳೆಯಿಂದ ಮತ್ತೆ ಬಡಿಸಿ ಎಂದು ಹೇಳಿ ನಾನು ಬಸ್ ಹತ್ತಿದೆ.

ಆಮೇಲೆ ಆ ಓಣಿಯಲ್ಲಿ ನಡೆದದ್ದನ್ನು ನಾನು ಯೋಜಿಸಿರಲಿಲ್ಲ. ಬುತ್ತಿ ತಂದವರು ಎರಡು ತಾಸು ಅಲ್ಲೇ ಕೂರತೊಡಗಿದರು, ಕೂರಲಾಗದವರು ಆಮೇಲೆ ಬಂದು ಕೇಳತೊಡಗಿದರು: “ನಮ್ಮ ಬುತ್ತಿಗೆ ಕೂಸು ಏನಂತು?” ಒಬ್ಬರ ಸಜ್ಜಿಗೆ ಒಲ್ಲೆ ಎನಿಸಿಕೊಂಡರೆ ಮರುವಾರ ಆಕೆಯೇ ಮಡಕಿಕಾಳಿನ ಉಸುಳಿ ಮಾಡಿಕೊಂಡು ಹಟದಿಂದ ಬರುತ್ತಿದ್ದಳು. ಕಡಲೆಹಿಟ್ಟಿನ ಝುಣಕಾ ಬಂತು, ಮೆಂತ್ಯೆಯ ಪಲ್ಯ ಬಂತು, ಎಳೆ ಬದನೆಕಾಯಿಯ ಎಣ್ಣೆಗಾಯಿ ಬಂತು, ಗಟ್ಟಿ ಮೊಸರು ಬಂತು. ನನ್ನ ಕೋಣೆಯಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಆಗದ್ದನ್ನು ಹುಟ್ಟದ ಕೂಸೊಂದು ಮಾಡುತ್ತಿತ್ತು. ಸಂಜೆಯ ಅಂಕಿ ದಿನದಿಂದ ದಿನಕ್ಕೆ ಗುಡ್ಡ ಇಳಿಯಿತು.

ಒಂದು ಮಧ್ಯಾಹ್ನ ಅತ್ತೆ ಒಬ್ಬರೇ ನನ್ನ ಕೋಣೆಗೆ ಬಂದರು. ಕೂತುಕೊಳ್ಳಲಿಲ್ಲ. ರಟ್ಟಿನ ರೊಟ್ಟಿಯೊಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು.

“ಹಿಂದಿನ ಸಲ ಮಶೀನ ಇರಲಿಲ್ರಿ,” ಎಂದರು. “ಬುತ್ತಿ ಮಾತ್ರ ಇದ್ವು. ದಿನಾ ನಾನ ಕುಂದರಿಸಿ ಉಣಿಸೇನಿ. ಕೂಸು ಒಲ್ಲೆ ಅಂದಿರಬೇಕು. ನಮಗ ಕೇಳಸಲಿಲ್ಲ, ಹೌದಲ್ರಿ?”

ಈ ಪ್ರಶ್ನೆ ಬರದಿರಲಿ ಎಂದು ನಾನು ಬಯಸಿದ್ದೆ. ಅದು ಬರುವ ದಾರಿಯನ್ನು ನಾನೇ ಹಾಕಿಕೊಟ್ಟಿದ್ದೆ ಎನ್ನುವುದು ಆಗಷ್ಟೇ ತಿಳಿಯಿತು. ಸುಳ್ಳು ಸಮಾಧಾನ ಹೇಳಿದರೆ ಅವರು ನಂಬುವವರಲ್ಲ.

“ಆ ಕೂಸು ಯಾಕ ಹೋತು ಅಂತ ನನಗ ಗೊತ್ತಿಲ್ರಿ,” ಎಂದೆ. “ಯಾರಿಗೂ ಈಗ ಹೇಳಾಕ ಬರೂದಿಲ್ಲ. ಸಕ್ಕರಿ ಪರೀಕ್ಷಾ ಆಗಬೇಕಿತ್ತು, ಆಗಲಿಲ್ಲ. ಅದು ನಮ್ಮಂಥವರು ಮಾಡಬೇಕಾದ ಕೆಲಸ, ನಿಮ್ಮದಲ್ಲ. ನೀವು ಪ್ರೀತೀಲೆ ಉಣಿಸೀರಿ.”

“ಪ್ರೀತಿ,” ಎಂದು ಅವರು ರಟ್ಟಿನ ರೊಟ್ಟಿಯನ್ನು ಕೆಳಗಿಟ್ಟರು. “ಆಕಿ ಬಯಕಿ ಏನ ಅಂತ ನಾ ಒಂದ ದಿನಾನೂ ಕೇಳಿಲ್ರಿ,” ಎಂದರು. ಅಳಲಿಲ್ಲ. ಅವರು ಹೋದ ಮೇಲೆ ಅತ್ತವಳು ನಾನು. ಮುಂದಿನ ಬಸುರಿ ಒಳಗೆ ಬರುವಷ್ಟರಲ್ಲಿ ಮುಖ ತೊಳೆದುಕೊಂಡೆ.

ಕುಬಸಕ್ಕೆ ನನ್ನನ್ನೂ ಕರೆದಿದ್ದರು. ಹಸಿರು ಸೀರೆ, ಹಸಿರು ಬಳೆಯಲ್ಲಿ ಸೊಸೆ ನೀರಿನ ಕೆಳಗೆ ಕೂತಂತೆ ಕಾಣುತ್ತಿದ್ದಳು. ಗಡಿಯ ಊರುಗಳಲ್ಲಿ ಕುಬಸದ ದಿನ ಒಂದು ಆಟವಿದೆ. ಎರಡು ಬಟ್ಟಲು ಮುಚ್ಚಿಟ್ಟಿರುತ್ತಾರೆ, ಒಂದರಲ್ಲಿ ಪೇಢೆ, ಇನ್ನೊಂದರಲ್ಲಿ ಬರ್ಫಿ. ಬಸುರಿ ತೆರೆದದ್ದು ಪೇಢೆಯಾದರೆ ಗಂಡು, ಬರ್ಫಿಯಾದರೆ ಹೆಣ್ಣು ಎಂದು ನಗುತ್ತಾರೆ. ತೆರೆದದ್ದನ್ನು ಅವಳು ತಿನ್ನಲೇಬೇಕು. ಪೇಢೆಯ ಮನೆಯಲ್ಲಿ ಇದು ತಪ್ಪುವ ಆಟವಲ್ಲ. ಒಂದು ತುಂಡಿಗೆ ಏನೂ ಆಗದು ಎಂದು ನಾನೂ ಮನಸ್ಸನ್ನು ಸಡಿಲ ಬಿಟ್ಟಿದ್ದೆ.

ಸೊಸೆ ಎಡಗಡೆಯ ಬಟ್ಟಲಿನ ಮುಚ್ಚಳ ತೆಗೆದಳು. ಒಳಗೆ ಹಕ್ಕರಕಿ ಇತ್ತು. ಉಪ್ಪುನೀರಿನಲ್ಲಿ ತೊಳೆದು ಹನಿ ಬಸಿಯಲು ಬಿಟ್ಟ ಎಳೆ ಸೊಪ್ಪು. ಅವಳು ಅದನ್ನೇ ನೋಡುತ್ತ ಕೂತಳು. ಇನ್ನೇನು ಎಚ್ಚರವಾಗುತ್ತದೆ ಎಂದು ಕಾಯುತ್ತಿದ್ದಳೆಂದು ನನಗನ್ನಿಸಿತು.

“ಅಯ್ಯ, ಪೇಢೆ ಎಲ್ಲಿ? ಇನ್ನೊಂದ ತಗಿ ತಂಗಿ,” ಎಂದರು ಹೆಂಗಸರು. ಇನ್ನೊಂದರಲ್ಲಿಯೂ ಹಕ್ಕರಕಿಯೇ. “ಇದೇನ ಬೇ, ಗಂಡೋ ಹೆಣ್ಣೋ ಹೆಂಗ ತಿಳೀಬೇಕು?”

ಮಗನನ್ನು ನಸುಕಿನಲ್ಲೇ ಎಬ್ಬಿಸಿ ಸೊಸೆಯ ತವರಾದ ಸತ್ತಿಯ ಕಡೆಗೆ ಮೋಟಾರ್ ಸೈಕಲ್ ಮೇಲೆ ಓಡಿಸಿದ್ದ ಅತ್ತೆ, ರೊಟ್ಟಿಯ ಬುಟ್ಟಿಯನ್ನು ಸೊಸೆಯ ಮುಂದೆ ಸರಿಸಿದರು. “ಗಂಡರ ಆಗಲಿ, ಹೆಣ್ಣರ ಆಗಲಿ,” ಎಂದರು. “ಉಸರಾಡಿದ್ರ ಸಾಕು.”

ಸೊಸೆ ರೊಟ್ಟಿ ಮುರಿದು, ಸೊಪ್ಪು ಸುತ್ತಿ, ಹಿಂಡಿ ಹಚ್ಚಿ ಬಾಯಿಗಿಟ್ಟಳು. ಎಲೆ ಕಚ್ಚಿದ ಸದ್ದು ಆ ತುಂಬಿದ ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸಿತು.

ಊಟ ಒಂದರಿಂದಲೇ ಎಲ್ಲ ಸರಿಹೋಯಿತು ಎಂದರೆ ಅದು ಸುಳ್ಳಾಗುತ್ತದೆ. ಎಂಟು ತಿಂಗಳು ದಾಟಿದ ಮೇಲೆ, ಬುತ್ತಿಗಳೆಲ್ಲ ಒಪ್ಪಿತವಾಗಿದ್ದರೂ, ಬೆಳಗಿನ ಅಂಕಿ ತಾನಾಗಿಯೇ ಏರತೊಡಗಿತು. ಬಸಿರಿನ ಕೊನೆಯಲ್ಲಿ ಹಾಗಾಗುವುದುಂಟು, ಅದು ಯಾರ ತಪ್ಪೂ ಅಲ್ಲ. ಡಾಕ್ಟರಮ್ಮ ಸಣ್ಣ ಪ್ರಮಾಣದ ಇನ್ಸುಲಿನ್ ಬರೆದರು. ಅತ್ತೆ ಮತ್ತೆ ಬೇಡ ಎನ್ನಬಹುದೆಂದು ನಾನು ಮಾತು ಜೋಡಿಸಿಕೊಂಡು ಕೂತಿದ್ದೆ. ಅವರು ಕೇಳಿದ್ದು ಒಂದೇ: “ಇದು ಕೂಸಿನ ಪಾಲೇನ್ರಿ?” ಹೌದೆಂದೆ. “ಹಂಗಾರ ತರ್ರಿ, ನಾನ ಸೂಜಿ ಮಾಡತೀನಿ. ಎಮ್ಮಿಗೋಳಿಗೆ ಎಷ್ಟ ಮಾಡಿಲ್ಲ.” ಎಮ್ಮೆಗೂ ಸೊಸೆಗೂ ಚರ್ಮದ ದಪ್ಪದಲ್ಲಿ ವ್ಯತ್ಯಾಸವಿದೆ ಎಂದು ನಾನು ಗಾಬರಿಯಿಂದ ವಿವರಿಸಿದಾಗ ಸೊಸೆ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಅದೇ ಮೊದಲು ನೋಡಿದ್ದು.

ಬಿಸಿಲು ಬಲಿತ ಒಂದು ಬೆಳಗ್ಗೆ ಹೆರಿಗೆಯಾಯಿತು. ನಾನು ಕೆಳಗೆ ನನ್ನ ಕೋಣೆಯಲ್ಲಿದ್ದೆ. ಯಾರಿಗೋ ಅನ್ನದ ಬಟ್ಟಲು ತೋರಿಸುತ್ತಿದ್ದವಳು ಮಾತು ನಿಲ್ಲಿಸಿ ಮೇಲಿನ ಸದ್ದಿಗೆ ಕಾದೆ. ಮೆಟ್ಟಿಲಿನಿಂದ ಅಳು ಇಳಿದು ಬಂತು, ತೆಳ್ಳಗೆ, ಸಿಟ್ಟಿನಿಂದ. ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟು ಎದ್ದೆ.

ಮೇಲೆ ಹೋದಾಗ ಹೆಣ್ಣುಕೂಸನ್ನು ಅಜ್ಜಿ ಆಗಲೇ ಎತ್ತಿಕೊಂಡಿದ್ದರು. ತೂಕ ಸರಿಯಿತ್ತು, ಹಿಮ್ಮಡಿ ಚುಚ್ಚಿ ನೋಡಿದ ಸಕ್ಕರೆಯೂ ಸರಿಯಿತ್ತು. ಸೊಸೆ ಅರೆನಿದ್ದೆಯಲ್ಲಿದ್ದಳು. ಅತ್ತೆ ನನ್ನತ್ತ ತಿರುಗಿದರು.

“ಕೂಸಿನ ಪಾಲು ಈಗ ಬ್ಯಾರೆ ಆತ್ರಿ. ಇನ್ನ ಈಕಿ ಪಾಲು ಏನ ಕೊಡಲಿ, ಹೇಳ್ರಿ.”

ಬಾಣಂತಿಯ ಊಟದ ಪಾಠ ನನಗೆ ಬಾಯಿಪಾಠ. ಅಂದು ಅದನ್ನು ಒಪ್ಪಿಸಲು ಮನಸ್ಸಾಗಲಿಲ್ಲ. “ನನ್ನ ಯಾಕ ಕೇಳತೀರಿ? ಆಕಿನ್ನ ಕೇಳ್ರಿ.”

ಅವರು ಮಂಚದ ಮೇಲೆ ಬಾಗಿದರು. ಕೂಸು ಅವರ ಎದೆಗೂ ಸೊಸೆಯ ಮುಖಕ್ಕೂ ನಡುವೆ ಇತ್ತು. “ಏನ ಬೇಕವಾ ನಿನಗ?”

ಸೊಸೆಯ ಕಣ್ಣುಗಳು ಆ ಮೊದಲ ದಿನದಂತೆ ಅರ್ಧ ಮುಚ್ಚಿದ್ದವು.

“ಹಕ್ಕರಕಿ,” ಎಂದಳು. “ಬಿಸಲ ಬಿದ್ದೈತಿ, ಈಗ ಕಹಿ ಆಗಿರತೈತ್ರಿ ಅತ್ತಿ. ಆದ್ರೂ ನಡೀತೈತಿ.”

ಅತ್ತೆ ಕೂಸನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದು ಹೋದರು.